ಏಳರಿಂದ ಎಂಟರವರೆಗೆ

ಲದ್ದಿ, ಇನ್ನೂ ಹಬೆಯಾಡುತ್ತಿದೆ, ಟಾರು ರಸ್ತೆಯ ನಡುವೆ ಮಂಕರಿ ಮಗುಚಿದ ಹಾಗೆ, ಎಡಕ್ಕೆ ವಾಲು, ಎರಡೂ ಕೋಲು ಒಟ್ಟಿಗೆ ಊರು, ತಳ್ಳು, ಗಾಲಿ ಜಾರಲಿಲ್ಲ, ಸದ್ಯ — ಬಿದ್ದಿದ್ದರೆ ಮೊಣಕಾಲಿನ ಜೊತೆಗೆ ಎರಡು ವರ್ಷವೂ ಹೋಗುತ್ತಿತ್ತು, ಗಂಟೆ ಏಳು ಮೂವತ್ತಮೂರು, ಮನೆಗಿನ್ನೂ ಎಂಟು ಕಿಲೋಮೀಟರು, ಐವತ್ತು ನಿಮಿಷ ನಿಲ್ಲಿಸಿಬಿಟ್ಟವಲ್ಲ, ಒಂದು ಮರಿ, ನಾಲ್ಕು ಹೆಣ್ಣಾನೆ, ಬಿದಿರು ಮುರಿದು ತಿನ್ನುತ್ತ, ರಸ್ತೆ ತಮ್ಮದೆನ್ನುವ ಹಾಗೆ, ತಮ್ಮದೇ ನಿಜ, ನಾನು ಹುಣಸೆಮರದ ಹಿಂದೆ ಕೋಲುಗಳನ್ನು ಎದೆಗವಚಿಕೊಂಡು ನಿಂತೇ ಇದ್ದೆ, ಆನೆಯ ಮುಂದೆ ಯಾರ ಗಡಿಯಾರವೂ ನಡೆಯುವುದಿಲ್ಲ, ಆದರೆ ಏಳರಿಂದ ಎಂಟರವರೆಗೆ ನಾನು ಮನೆಯಲ್ಲಿರಬೇಕು, ಬರೆದುಕೊಟ್ಟಿದ್ದೇನೆ, ಮೂರು ತಿಂಗಳಿಗೊಮ್ಮೆ ಫೋನಿನಲ್ಲಿ ಬರೆದುಕೊಡುತ್ತೇನೆ, ಯಾವ ದಿನ ಯಾವ ಊರು ಯಾವ ಹಾಸಿಗೆ, ದಿನಕ್ಕೊಂದು ಗಂಟೆ, ಆ ಗಂಟೆಯಲ್ಲಿ ಉದ್ದೀಪನ ಮದ್ದಿನ ಪರೀಕ್ಷೆಯವರು ಹೇಳದೆ ಕೇಳದೆ ಬಂದು ಬಾಗಿಲು ತಟ್ಟಿದರೆ ಒಳಗಿರಬೇಕು, ಹನ್ನೆರಡು ತಿಂಗಳಲ್ಲಿ ಮೂರು ಸಲ ತಪ್ಪಿದರೆ ಎರಡು ವರ್ಷ ಹಿಮಕ್ಕೆ ಕಾಲಿಡುವ ಹಾಗಿಲ್ಲ, ಮದ್ದು ತಿಂದಿರಲಿ ಬಿಡಲಿ. ಎರಡು ಆಗಿದೆ. ಊರು, ತಳ್ಳು. ನನಗೆ ಇಪ್ಪತ್ತೆಂಟು, ಬರುವ ಫೆಬ್ರವರಿಯ ವಿಶ್ವ ಚಾಂಪಿಯನ್‌ಶಿಪ್ಪಿಗೆ ಮೊದಲ ಸಲ ಅಂಕ ಸಾಕಾಗಿದೆ, ಎರಡು ವರ್ಷ ಕಳೆದರೆ ಈ ಶ್ವಾಸಕೋಶ ಇರುತ್ತದೋ ಇಲ್ಲವೋ, ಹಿಮವಿಲ್ಲದ ನಾಡಿನವಳು ಹಿಮದ ಓಟ ಕಲಿಯುವುದಕ್ಕೆ ಈ ಗಾಲಿ ಸ್ಕೀ, ಕಾಲಿಗೊಂದು ಎರಡಡಿಯ ಅಲ್ಯೂಮಿನಿಯಂ ಪಟ್ಟಿ, ಮುಂದೊಂದು ಗಾಲಿ ಹಿಂದೊಂದು ಗಾಲಿ, ಬೂಟಿನ ಮೂತಿ ಕಚ್ಚಿಕೊಳ್ಳುವ ಕೊಂಡಿ, ಬ್ರೇಕಿಲ್ಲ ಅಂತ ಹೇಳಿದ ದಿನ ಅವ್ವ ನಕ್ಕಿದ್ದಳು, ಅತ್ಲಾಗೆ ಗಾಡಿನೂ ಅಲ್ಲ ಇತ್ಲಾಗೆ ಕಾಲೂ ಅಲ್ಲ, ಇದ್ಯಾವ ಗಾಚಾರವ್ವ.

ಉಸಿರು ಹೊರಗೆ ಬಿಡು, ಒಳಗಿನದು ತಾನೇ ಬರುತ್ತದೆ, ಮೋಹನ್ ಸರ್ ಹೇಳುವುದು ಅದನ್ನೇ, ಗಡಿ ಪಡೆಯಲ್ಲಿ ನನಗೆ ಸ್ಕೀ ಕಟ್ಟಿದವರು ಅವರೇ, ಹತ್ತೊಂಬತ್ತಕ್ಕೆ ಕಾನ್‌ಸ್ಟೆಬಲ್ ಆಗಿ ಸೇರಿದೆ, ಗಡಿಯ ಹಿಮಕ್ಕೆ ಹಾಕಿದರು, ಗಸ್ತಿಗೆ ಕಲಿಸಿದ್ದು ಓಟಕ್ಕೆ ಬಂತು, ನಮ್ಮೂರ ತಾಳಮಲೆಯ ಏರು ಹತ್ತಿ ಸೌದೆ ಹೊತ್ತ ಕಾಲು ಅಂತ ಅವರಿಗೆ ಗೊತ್ತಿಲ್ಲ, ನಿನ್ನ ತೊಡೆಯಲ್ಲಿ ಏನೋ ಇದೆ ಸಂಗೀತ ಅಂದರು, ಏನೂ ಇಲ್ಲ ಸರ್, ಇಪ್ಪತ್ತು ಕಿಲೋ ಸೌದೆ ಇದೆ, ಅನ್ನಲಿಲ್ಲ. ಆಮೇಲೆ ಫಿನ್ಲೆಂಡು, ನಾರ್ವೆ, ಜರ್ಮನಿಯ ಯಾವುದೋ ಕಾಡು, ಮೈನಸ್ ಹದಿನೆಂಟು, ರೆಪ್ಪೆ ಅಂಟಿಕೊಳ್ಳುತ್ತದೆ, ಅರ್ಧ ನಿಮಿಷಕ್ಕೊಬ್ಬಳಂತೆ ಬಿಡುತ್ತಾರೆ, ಬೀಪ್ ಬೀಪ್ ಬೀಪ್ ಹೊರಡು, ಅಲ್ಲಿಯ ಹುಡುಗಿಯರಿಗೆ ಸ್ಕೀ ತಳಕ್ಕೆ ಮೇಣ ಹಚ್ಚುವುದಕ್ಕೇ ಒಂದು ಲಾರಿ, ಹದಿನಾಲ್ಕು ಜನ, ನನಗೆ ಮೋಹನ್ ಸರ್ ಮತ್ತು ಮೇಣ ಕರಗಿಸಲು ಹೋಟೆಲಿನ ಇಸ್ತ್ರಿಪೆಟ್ಟಿಗೆ, ಒಮ್ಮೆ ಹೊಗೆ ಎದ್ದು ಸೈರನ್ ಕೂಗಿ ಇಡೀ ಹೋಟೆಲು ಹಿಮದಲ್ಲಿ ಲುಂಗಿ ಚಡ್ಡಿಯಲ್ಲಿ ನಿಂತಿತ್ತು, ಲುಂಗಿ ನಮ್ಮ ಸರ್ ಒಬ್ಬರದೇ. ಕಳೆದ ಚಳಿಗಾಲ ಎಪ್ಪತ್ತೆಂಟು ಜನರಲ್ಲಿ ಎಪ್ಪತ್ತೊಂದನೆಯವಳು, ಹಿಂದಿನಿಂದ ಕೂಗುತ್ತಾರೆ, ಟ್ರ್ಯಾಕ್, ಅಂದರೆ ದಾರಿ ಬಿಡು, ಅದು ನಿಯಮ, ಕೂಗು ಕೇಳಿದರೆ ನಿಧಾನದವಳು ಪಕ್ಕಕ್ಕೆ ಸರಿಯಬೇಕು, ಸರಿದೆ, ಎಂಟು ಚಳಿಗಾಲ ಸರಿದೆ, ನಾನು ಎಷ್ಟು ಚೆಂದ ಸರಿಯುತ್ತೇನೆಂದರೆ ಒಬ್ಬಳು ಓಟ ಮುಗಿದ ಮೇಲೆ ಬಂದು ಥ್ಯಾಂಕ್ಸ್ ಹೇಳಿದಳು, ಬೇರೆಯವರು ಹೀಗೆ ತಕ್ಷಣ ಬಿಡುವುದಿಲ್ಲ ನೀನೆಲ್ಲಿ ಕಲಿತೆ ಅಂದಳು, ಎಲ್ಲಿ ಕಲಿತೆ ಅಂತ ಹೇಳಲಿ ಅವಳಿಗೆ, ಯಾವ ಭಾಷೆಯಲ್ಲಿ.

ಚೆಕ್‌ಪೋಸ್ಟು, ಏಳು ನಲವತ್ತೆರಡು, ಗೇಟಿನ ವಾಚರ್ ರಾಜಶೇಖರಣ್ಣ ಬೀಡಿ ಬಿಸಾಕಿ ಕೈ ಎತ್ತುತ್ತಾನೆ, ನಿಲ್ಲಲಾರೆ, ತಳ್ಳುತ್ತಲೇ ಕೇಳಿಸಿಕೊಳ್ಳುತ್ತೇನೆ, ಒಂದು ಜೀಪು ಓಯ್ತು ಕಣಮ್ಮಿ, ನಿಮ್ಮ ಕೇರಿ ಎಲ್ಲಿ ಅಂದ್ರು, ಒಬ್ಬ ಮೇಡಮ್ಮು, ಮಡ್ಲಲ್ಲಿ ಐಸ್ ಪೆಟ್ಟಿಗೆ ಮಡಿಕ್ಕಂಡು — ಪರೀಕ್ಷೆಯವಳು, ಬಂದಿದ್ದಾಳೆ, ಇವತ್ತೇ ಬಂದಿದ್ದಾಳೆ, ಐದು ಕಿಲೋಮೀಟರಿದೆ, ಹದಿನೈದು ನಿಮಿಷ ಎಂದರೆ ಏಳು ಐವತ್ತೇಳು, ಆದರೆ ಅದು ದೊಡ್ಡಬೀದಿಯ ಮೇಲೆ ಹೋದರೆ, ಕೆರೆ ಸುತ್ತಿನ ದಾರಿ ಎರಡು ಕಿಲೋಮೀಟರು ಹೆಚ್ಚು, ನನ್ನ ದಾರಿ ಕೆರೆ ಸುತ್ತಿನದು, ಯಾವಾಗಲೂ ಅದೇ, ಎಂಟು ಮೂರು. ಮನೆಯಲ್ಲಿ ಅಜ್ಜಿ ಒಬ್ಬಳೇ, ಅವ್ವ ಬೊಮ್ಮಮ್ಮ ದೊಡ್ಡಬೀದಿಯ ರುದ್ರಸ್ವಾಮಿಯವರ ಹೊಲಕ್ಕೆ ಕೋಸು ಕೊಯ್ಯಲು ಆರಕ್ಕೇ ಹೋಗಿದ್ದಾಳೆ, ಅಜ್ಜಿ ಬಾಗಿಲಲ್ಲಿ ನಿಂತಿರುತ್ತಾಳೆ, ಕೈ ಅಲ್ಲಾಡಿಸುತ್ತಿರುತ್ತಾಳೆ, ಆ ಎರಡು ಸೊಟ್ಟ ಬೆರಳು, ಇಲ್ಲ ಇಲ್ಲ ಎಂದು, ಬೇಡ ಅಜ್ಜಿ, ಇವತ್ತು ಬೇಡ. ಮೊದಲನೆಯದು ತಪ್ಪಿದ್ದು ಕಳೆದ ಫೆಬ್ರವರಿಯಲ್ಲಿ, ಹಿಮ ಬಿದ್ದು ಬಸ್ಸು ಬೇರೆ ಊರಿಗೆ ಹೋಯಿತು, ವಿಳಾಸ ತಿದ್ದಲು ಮರೆತೆ, ಅದು ನನ್ನ ತಪ್ಪು, ಒಪ್ಪುತ್ತೇನೆ. ಎರಡನೆಯದು ಜೂನಿನಲ್ಲಿ, ಇದೇ ಮನೆ, ನಾನು ಒಳಗೇ ಮಲಗಿದ್ದೆ, ಕರೆಂಟಿಲ್ಲದೆ ಫೋನು ಸತ್ತಿತ್ತು, ಹಿಂದಿನ ದಿನ ನಲವತ್ತು ಕಿಲೋಮೀಟರು ತಳ್ಳಿದ ನಿದ್ದೆ, ಎದ್ದಾಗ ಹೊರಗಿನಿಂದ ಚಿಲಕ, ಅಜ್ಜಿ ಜಗಲಿಯಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಾಳೆ, ಬಂದಿದ್ರು ಕಣವ್ವ ಬೂಟ್ನೋರು, ನಿನ್ನೆಸ್ರೇ ಇಡ್ಕಂಡು ಕೇಳುದ್ರು, ಒಂದ್ ಗಂಟೆ ನಿಂತಿದ್ರು, ಅಂತವ್ಳು ಇಲ್ಲಿ ಯಾರೂ ಇಲ್ಲ ಅಂದೆ, ಓದ್ರು — ಆ ಮುಖ, ಮೂವತ್ತು ವರ್ಷ ಕಾದು ಗೆದ್ದವಳ ಮುಖ, ಏನಂತ ಬೈಯಲಿ.

ಏರು ಬಂತು, ಹೆಜ್ಜೆ ಚಿಕ್ಕದು ಮಾಡು, ಕೋಲು ಹಿಂದಕ್ಕೆ, ಮೂವತ್ತು ವರ್ಷದ ಹಿಂದೆ ಕಾಡಿನಲ್ಲಿ ಒಬ್ಬನನ್ನು ಹುಡುಕುತ್ತ ಊರೂರಿಗೆ ಬೂಟಿನವರು ಬಂದ ಕಾಲ, ಯಾವ ಸರ್ಕಾರದವರೋ ಅಜ್ಜಿಗೆ ತಿಳಿಯದು, ಒಬ್ಬ ಕನ್ನಡ ಆಡಿದ ಒಬ್ಬ ತಮಿಳು ಆಡಿದ, ಕರಿಯ ಇದ್ದಾನಾ ಅಂದರು, ಕರಿಯ ನನ್ನ ತಾತ, ಅಕ್ಕಿ ಹೊತ್ತು ಕಾಡಿಗೆ ಕೊಟ್ಟ ಅಂತ ಯಾರೋ ಹೇಳಿದ್ದರಂತೆ, ಹೊತ್ತಿದ್ದು ರುದ್ರಸ್ವಾಮಿಯವರ ಗದ್ದೆಯ ಭತ್ತ, ಅಜ್ಜಿಗೆ ಸುಳ್ಳು ಗೊತ್ತಿರಲಿಲ್ಲ, ಅವ್ರೆ ಸ್ವಾಮಿ, ಒಳಗೆ ಉಣ್ತಾವ್ರೆ, ಕೂತ್ಕಳಿ ಅಂತ ಚಾಪೆ ಹಾಸಿದಳು, ಚಾಪೆ ಹಾಸಿದಳು, ತಾತನನ್ನು ಎಂಜಲು ಕೈಯಲ್ಲೇ ಎಳೆದುಕೊಂಡು ಹೋಗಿ ಜೀಪಿಗೆ ಹಾಕಿದರು, ಅಜ್ಜಿ ಜೀಪಿನ ಹಿಂದಿನ ಹಲಗೆ ಹಿಡಿದಳು, ಹಿಡಿದ ಬೆರಳಿನ ಮೇಲೆ ಬೂಟು ಇಳಿಯಿತು, ಎರಡು ಬೆರಳು, ಉಂಗುರದ್ದು ಕಿರಿಯದು, ತಾತ ಬರಲಿಲ್ಲ, ಬೆರಳು ನೆಟ್ಟಗಾಗಲಿಲ್ಲ, ಕಣ್ಣಿಗೆ ಪೊರೆ ಬಂತು, ಅವತ್ತಿನಿಂದ ಯಾರು ಬಂದು ಯಾರ ಹೆಸರು ಕೇಳಿದರೂ ಆ ಕೈ ತಾನೇ ಮೇಲೇಳುತ್ತದೆ, ಜನಗಣತಿಯವರಿಗೂ ಇಲ್ಲ, ಪೋಲಿಯೋ ಹನಿಯವರಿಗೂ ಇಲ್ಲ. ಜೂನಿನ ತಪ್ಪಿಗೆ ಕಾರಣ ಬರೆಯಿರಿ ಅಂತ ಪರೀಕ್ಷೆಯ ಆಫೀಸಿನವರು ಫಾರಂ ಕಳಿಸಿದರು, ಬರೆದೆ, ಇದು ಸಮಂಜಸ ಕಾರಣವಲ್ಲ ಅಂತ ಒಂದೇ ಸಾಲಿನ ಉತ್ತರ ಬಂತು, ಒಂದು ಕೈಯ ಮೂವತ್ತು ವರ್ಷಕ್ಕೆ ಆ ಫಾರಮ್ಮಿನಲ್ಲಿ ಕಾಲಮ್ಮಿಲ್ಲ. ನಾನು ಪಡೆಯ ಯೂನಿಫಾರಂ ಹಾಕಿ ಮೊದಲ ಸಲ ಮನೆಗೆ ಬಂದಾಗ ಅಜ್ಜಿ ಕಾಲು ನೋಡಿದಳು, ನೀನೂವೆ ಆಕ್ಕಂಡ್ಯಾ, ಅಷ್ಟೇ ಅಂದಳು, ಬೂಟು ಬೇಲಿಯಾಚೆ ಇಡುವವರೆಗೆ ನೀರು ಕೊಡಲಿಲ್ಲ. ನಿನ್ನೆ ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ್ದೇನೆ, ಅಜ್ಜಿ, ಅವರು ಅವರಲ್ಲ, ನನ್ನ ಉಚ್ಚೆ ಹಿಡಿದುಕೊಂಡು ಹೋಗುವವರು, ಅಜ್ಜಿಗೆ ನಗು, ನಿನ್ನುಚ್ಚೆಗೆ ಅಷ್ಟ್ ದೂರ್ದಿಂದ ಕಾರ್ ಮಾಡ್ಕಂಡ್ ಬಂದಾರಾ, ಬಂದ್ರೆ ನಮ್ಮೆಮ್ಮೆದೂ ವಸಿ ಕೊಟ್ಕಳ್ಸು, ಆಮೇಲೆ ನಗು ನಿಲ್ಲಿಸಿ ಕೇಳಿದಳು, ಬೂಟ್ ಆಕಿರ್ತಾರಾ? ಇಲ್ಲಜ್ಜಿ, ಆಫೀಸಿಗೆ ಬರೆದಿದ್ದೇನೆ, ಹೆಂಗಸನ್ನೇ ಕಳಿಸಿ ಚಪ್ಪಲಿಯಲ್ಲೇ ಕಳಿಸಿ ಅಂತ, ಚಪ್ಪಲಿ ಹಾಕಿದವರಿಗೆ ಚಾಪೆ ಹಾಸು, ಬೂಟಿನವರಿಗೆ ಇಲ್ಲ ಅನ್ನು. ಆಣೆ ಮಾಡು ಅಂದಳು. ಮಾಡಿದೆ. ಮಾದೇಶ್ವರನಾಣೆ, ಬೂಟಿನವರಿಗೆ ಇಲ್ಲ ಅನ್ನು.

ಕವಲು. ಎಡಕ್ಕೆ ಕೆರೆ, ನೇರಕ್ಕೆ ದೊಡ್ಡಬೀದಿ, ಏಳು ಐವತ್ಮೂರು, ಸೊಂಟದ ಚೀಲದಲ್ಲಿ ಫೋನು ನಡುಗುತ್ತಿದೆ, ಎರಡೂ ಕೈ ಕೋಲಿನ ಪಟ್ಟಿಯೊಳಗೆ, ತೆಗೆಯಲಾರೆ, ಅವಳೇ ಇರಬೇಕು, ನಡುಕ ನಿಂತಿತು. ದೊಡ್ಡಬೀದಿಯಲ್ಲಿ ಬೋರ್ಡಿಲ್ಲ, ಯಾರೂ ಹೇಳುವುದೂ ಇಲ್ಲ, ಕೇರಿಯವರ ಕಾಲಿಗೇ ಗೊತ್ತು, ಬಸವನಗುಡಿ ಕಂಡ ಕೂಡಲೇ ಕಾಲು ತಾನೇ ಚಪ್ಪಲಿ ಕಳಚುತ್ತದೆ, ಕೈ ಎತ್ತಿಕೊಳ್ಳುತ್ತದೆ, ಇನ್ನೂರು ಮಾರು ಬರಿಗಾಲು, ಆಚೆ ತುದಿಯಲ್ಲಿ ಮತ್ತೆ ಮೆಟ್ಟು. ಏಷ್ಯಾದ ಕಂಚು ತಂದ ವರ್ಷ ಶಾಲೆಯ ಮೈದಾನದಲ್ಲಿ ಸನ್ಮಾನ, ರುದ್ರಸ್ವಾಮಿಯವರೇ ಶಾಲು ಹೊದಿಸಿ ಮೈಕಿನಲ್ಲಿ ನಮ್ಮೂರ ಮಗಳು ನಮ್ಮೂರ ಮಗಳು ಅಂತ ಏಳು ಸಲ ಅಂದರು, ಎಣಿಸಿದೆ, ಕಾರ್ಯಕ್ರಮ ಮುಗಿಸಿ ಇದೇ ಬೀದಿಯಲ್ಲಿ ಮನೆಗೆ ಹೋದೆ, ಕೊರಳಲ್ಲಿ ಪದಕ, ಕೈಯಲ್ಲಿ ಶೂ. ಮೊದಲೇ ನಾಚಿಕೆಯಾಗಬೇಕಿತ್ತು, ಆಗಲಿಲ್ಲ, ರಾತ್ರಿ ಶಾಲು ಮಡಿಸುವಾಗ ಆಯಿತು, ಮರುದಿನದಿಂದ ಕೆರೆ ಸುತ್ತಿನ ದಾರಿ ಹಿಡಿದೆ, ಅಭ್ಯಾಸಕ್ಕೆ ದೂರ ಒಳ್ಳೆಯದು ಅಂತ ನನಗೆ ನಾನೇ ಹೇಳಿಕೊಂಡೆ, ಸುಳ್ಳು, ಎಂಟು ಚಳಿಗಾಲ ಹಿಮದಲ್ಲಿ ಸರಿದವಳು ಊರಲ್ಲೂ ಸರಿದೆ. ಈ ಬೂಟು ಕಳಚಿ ಕಟ್ಟಲು ನಾಲ್ಕು ನಿಮಿಷ ಬೇಕು. ನಾಲ್ಕು ನಿಮಿಷವಿಲ್ಲ. ಇದ್ದರೂ — ಇದ್ದರೂ ಕಳಚೆನು. ನೇರಕ್ಕೆ.

ಟಕ್ ಟಕ್, ಕೋಲಿನ ಮೊನೆ ಕಾಂಕ್ರೀಟಿಗೆ ಕಿಡಿ, ಸಗಣಿ ನೀರು ಹಾಕಿದ ಅಂಗಳ ಅಂಗಳ, ಶಿವಮಲ್ಲಮ್ಮನವರು ರಂಗೋಲಿಯಿಂದ ತಲೆ ಎತ್ತಿದರು, ಪುಡಿ ಬೆರಳಲ್ಲೇ ನಿಂತಿತು, ಬೀದಿಯ ನಡುವೆ ಅವರ ಗಂಡ ರುದ್ರಸ್ವಾಮಿ, ಹಣೆಯಲ್ಲಿ ಈಗ ತಾನೇ ಬಳಿದ ವಿಭೂತಿ, ಕೈಯಲ್ಲಿ ಹಾಲಿನ ಕ್ಯಾನು, ಯಾರ್ಲಾ ಅದು, ಯಾರ್ಲಾ, ಆಮೇಲೆ ಗುರುತು ಸಿಕ್ಕಿ ದನಿ ಸಣ್ಣಗಾಯಿತು, ಮೈಕಿನ ದನಿ, ಸಂಗೀತನಾ, ಏನಮ್ಮಿ ಇದು, ಗುಡಿ ಮುಂದೆ, ಕಾಲ್ದು ಬಿಚ್ಚವ್ವ, ಓದ್ದೋಳು ನೀನು, ಬೀದಿ ಗೊತ್ತಿಲ್ವಾ — ಅವ್ವನಿಗೆ ನಾಳೆ ಕೋಸು ಇರುವುದಿಲ್ಲ, ನಾಡಿದ್ದೂ ಇರುವುದಿಲ್ಲ, ಗೊತ್ತು, ಅವರು ಸರಿಯಲಿಲ್ಲ, ಅವರಿಗೆ ಸರಿದು ಅಭ್ಯಾಸವಿಲ್ಲ, ಹತ್ತು ಮಾರು, ಎಂಟು, ಬ್ರೇಕಿಲ್ಲ, ಗಂಟಲಲ್ಲಿ ಅದು ಎಲ್ಲಿತ್ತೋ, ಅಷ್ಟು ದೇಶದ ಅಷ್ಟು ಹೆಣ್ಣುಗಳು ನನ್ನ ಬೆನ್ನಿಗೆ ಕೂಗಿದ್ದು, ನಾನು ಒಂದು ಸಲವೂ ಯಾರಿಗೂ ಕೂಗದಿದ್ದದ್ದು, ದಾರಿ, ಎಂದು ಕೂಗಿದೆ, ದಾರಿ ಬುಡಿ. ಸರಿದರು. ಕ್ಯಾನಿನಿಂದ ಹಾಲು ಚೆಲ್ಲಿ ಅವರ ಪಂಚೆಯ ಮೇಲೆ ಇಳಿಯಿತು, ಸರಿದರು, ಗೋಡೆಗೆ ಬೆನ್ನು ಹಚ್ಚಿ ನಿಂತರು, ನಾನು ಹೋದೆ, ಬೂಟುಕಾಲಲ್ಲೇ ಹೋದೆ, ಇನ್ನೂರು ಮಾರು ಇಷ್ಟು ಸಣ್ಣದಾ, ಅಳು ಬರುತ್ತಿದೆ ಯಾಕೋ, ಉಸಿರು ಕೆಡುತ್ತದೆ, ಅಳಬೇಡ, ಬಿಡು ಹೊರಗೆ, ಬಿಡು, ಇಳಿಜಾರು, ಮಾರಿಗುಡಿ, ನೀರಿನ ಟ್ಯಾಂಕು, ಹುಲ್ಲಿನ ಮೇಲೆ ಗಾಲಿ ಹರಿಸಿ ವೇಗ ಕೊಲ್ಲು, ಜೀಪು ಇದೆ, ಇನ್ನೂ ಇದೆ, ಏಳು ಐವತ್ತೆಂಟು.

ಏಳು ಐವತ್ತೆಂಟು, ಜಗಲಿಯಲ್ಲಿ ಚಾಪೆ, ಹಾಸಿದ ಚಾಪೆ, ಮೂವತ್ತು ವರ್ಷದ ನಂತರ ಹಾಸಿದ ಚಾಪೆ, ಅದರ ಮೇಲೆ ಸೀರೆಯುಟ್ಟ ಮೇಡಮ್ಮು, ಕೈಯಲ್ಲಿ ಟೀ ಲೋಟ, ಪಕ್ಕದಲ್ಲಿ ಐಸ್ ಪೆಟ್ಟಿಗೆ, ಮೆಟ್ಟಿಲ ಕೆಳಗೆ ಅವಳ ಚಪ್ಪಲಿ ಜೋಡಿಸಿಟ್ಟಿದೆ, ಜೋಡಿಸಿದ್ದು ಅಜ್ಜಿಯೇ, ಮೇಡಮ್ಮು ಗಡಿಯಾರ ನೋಡಿ ನನ್ನ ನೋಡಿ ತಲೆ ಆಡಿಸಿದಳು, ವಂದಾಚ್ಚಾ, ಬಂದಾಯ್ತಾ ಅಂತ ತಮಿಳಿನಲ್ಲಿ, ಸರಿ, ಎರಡು ನಿಮಿಷ ಇದೆ, ಬಂದುಬಿಟ್ಟೆ, ಫೆಬ್ರವರಿ ಇದೆ, ಹಿಮ ಇದೆ, ಮಾತು ಹೊರಡದು, ಎದೆ ಹಾರುತ್ತಿದೆ, ಹೆಲ್ಮೆಟ್ಟು, ಕಪ್ಪು ಕನ್ನಡಕ, ಗಾಲಿಪಟ್ಟಿ ಕಳಚಿ ಅಂಗಳಕ್ಕೆ ಕಾಲಿಟ್ಟೆ, ಬೂಟು ಸದ್ದಾಯಿತು, ಅಜ್ಜಿ ಎದ್ದಳು, ಪೊರೆಗಣ್ಣು ಮುಖಕ್ಕೆ ಬರಲಿಲ್ಲ, ಕಾಲಿಗೆ ಬಂತು, ಅಲ್ಲೇ ನಿಂತಿತು, ಬಾಗಿಲಿಗೆ ಅಡ್ಡವಾದಳು, ನಾನಜ್ಜಿ ಅನ್ನಬೇಕು, ಉಸಿರಿಲ್ಲ, ಕೈ ಮೇಲೆದ್ದಿತು, ಉಂಗುರದ ಬೆರಳು ಕಿರಿಬೆರಳು, ಸೊಟ್ಟ, ನನ್ನ ಮುಖದೆದುರು, ಆ ಕಡೆ ಈ ಕಡೆ, ಇಲ್ಲ ಸ್ವಾಮಿ, ಸಂಗೀತ ಅನ್ನೋಳು ಇಲ್ಲಿ ಯಾರೂ ಇಲ್ಲ, ಆ ಎರಡು ಬೆರಳು, ಇಲ್ಲ, ಎರಡು ಬೆರಳು —