ಹುಡುಗನ ಮುಂದೆ ಬಾಕು ಹಿಡಿದು

ಅಂಗೈ ಎಷ್ಟು ಕೆಂಪಗಿದೆ, ಬಜ್ಜಿ ತುಂಬಾ ಬಿಸಿಯಿತ್ತೇನೋ, ನನ್ನೆದುರು ಚಾಚಿಕೊಂಡಿರುವ ಈ ಅಂಗೈ ಅಜಯ್ ಅವರದು, ನನ್ನನ್ನು ನೋಡಲು ಸೌತ್ ಸ್ಯಾನ್ ಫ್ರಾನ್ಸಿಸ್ಕೋದಿಂದ ಮಾರ್ಗನ್ ಹಿಲ್‌ಗೆ ತಾಯಿಯನ್ನು ಕೂರಿಸಿಕೊಂಡು ಬಂದ ಹುಡುಗ, ನನ್ನ ಕೈಯಲ್ಲೋ ಕಾಫಿ ಲೋಟವಿಲ್ಲ, ಒರೆಯಿಂದ ಹಿರಿದ ಬಾಕು ಇದೆ, ಪರ್ಷಿಯಾದ್ದು, ಕೊಡು ಕೆಂಪಿ, ಅವರ ಕೈಗೆ ಕೊಡು, ತೂಕ ಗೊತ್ತಾಗ್ಲಿ, ಅನ್ನುತ್ತಿದ್ದಾರೆ ಭಾವ — ಹೇಗೆ ಕೊಡಲಿ, ಹರಿತವಾದದ್ದನ್ನು ಕೈಯಿಂದ ಕೈಗೆ ಕೊಟ್ಟರೆ ಇಬ್ಬರಿಗೂ ಜಗಳ ಹತ್ತುತ್ತದೆ, ನಮ್ಮೂರಲ್ಲಿ ಕುಡುಗೋಲನ್ನೂ ನೆಲಕ್ಕಿಟ್ಟೇ ಕೊಡುವುದು, ಈ ಸಂಬಂಧ ಕುದುರಲಿ ಎಂದು ಬೆಳಗಿನಿಂದ ಬೇಡಿಕೊಳ್ಳುತ್ತಿರುವವಳು ನಾನು, ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟಿದ್ದಾಳೆ ಅಂದಾಗ ಅವರು ಮುಖ ಸಿಂಡರಿಸಲಿಲ್ಲ, ಉಪ್ಪಿಲ್ಲದ ಬಜ್ಜಿಯನ್ನು ಚೆನ್ನಾಗಿದೆ ಅಂದರು, ಪಾಪ — ಭಾವನ ಡಾಟ್‌ಕಾಮ್ ಕಂಪನಿಯ ಶೇರು ಏರಿದ ವಾರ ಅಕ್ಕ ಕೇಳಿದ್ದು ಗ್ರೈಂಡರು, ಇಂಟರ್ನೆಟ್ಟಿನ ಹರಾಜಿನಿಂದ ಬಂದದ್ದು ಇದು, ಇದ್ರಲ್ಲಿ ಇಡ್ಲಿಗೆ ರುಬ್ಬೋಕಾಗುತ್ತಾ ಅಂದಳು ಅಕ್ಕ, ಆಂಟೀಕು ಕಣೇ ಅಂದರು ಭಾವ, ಅಂದಿನಿಂದ ಬಂದವರಿಗೆಲ್ಲ ದರ್ಶನ, ಉಕ್ಕಿನಲ್ಲಿ ಚಿನ್ನದ ತಂತಿ ಕೂರಿಸಿ ಬಿಡಿಸಿದ ಗುಲಾಬಿ, ಬುಲ್‌ಬುಲ್ ಹಕ್ಕಿ, ನನಗೆ ಮಾತ್ರ ಟೊಮೆಟೊ ಕುಕ್ಕುವ ಗೊರವಂಕದ ಹಾಗೆ ಕಾಣುತ್ತದೆ, ಹೇಳಿಲ್ಲ — ಅಂಗೈ ಇನ್ನೂ ಅಲ್ಲೇ ಇದೆ, ಟೀಪಾಯಿ ಮೇಲಿಡೋಣವೆಂದು ಬಗ್ಗಿದರೆ ಅಯ್ಯೋ ಗಾಜು ಗಾಜು ಅಂದಳು ಅಕ್ಕ, ಸೋಫಾ ಕಡೆ ತಿರುಗಿದರೆ ಏಯ್ ಲೆದರು ಅಂದರು ಭಾವ, ತಿರುಗುವಾಗ ಬಾಕಿನ ತುದಿ ಹುಡುಗನ ತಾಯಿ ಲಿಂಗಮ್ಮನವರ ಮೂಗಿನ ಮುಂದೆ ಹಾದುಹೋಯಿತು, ಅವರು ಕೇಸರಿಬಾತಿನ ತಟ್ಟೆಯನ್ನು ಗುರಾಣಿಯಂತೆ ಎತ್ತಿ ಹಿಡಿದರು, ಹುಡುಗಿ ಬಲು ಸಾಧು ಅಂದಿದ್ರಲ್ಲಪ್ಪಾ ಅಂದರು, ಮುಗಿಯಿತು, ಬಾಯಿ ಬಿಟ್ಟು ಹೇಳೇ, ಕೈಗೆ ಕೊಡಬಾರದು ಅಂತ ಹೇಳೇ, ಹೇಗೆ ಹೇಳಲಿ, ಇವರು ಲ್ಯಾಬಿನಲ್ಲಿ ಕೆಲಸ ಮಾಡುವವರು, ಅಮೆರಿಕಕ್ಕೆ ಬಂದೂ ಇದನ್ನೆಲ್ಲ ನಂಬುತ್ತಾಳಾ ಅಂದುಕೊಂಡರೆ, ನಕ್ಕರೆ — ಅಂಗೈ ಹಿಂದಕ್ಕೆ ಹೋಯಿತು, ಹೋಯಿತಲ್ಲ, ಎದ್ದೇಬಿಟ್ಟರು, ಹೊರಟರು, ಇನ್ನು ಅಕ್ಕ ವಾರವಿಡೀ ನನ್ನ ಮುಖ ನೋಡುವುದಿಲ್ಲ — ಇಲ್ಲ, ಬಾಗಿಲ ಕಡೆಗಲ್ಲ, ನನ್ನ ಮುಂದೆ ಕಾರ್ಪೆಟ್ಟಿನ ಮೇಲೆ ಕುಕ್ಕರಗಾಲಲ್ಲಿ ಕೂತರು, ಕೈಗೆ ಬೇಡ ರೀ, ಕೆಳಗಿಡಿ, ನಾನೇ ತಗೋತೀನಿ, ಅಂದರು, ತಗ್ಗಿದ ದನಿಯಲ್ಲಿ, ಈಗ್ಲೇ ಯಾಕೆ ಜಗಳ — ಈಗಲೇ, ಈಗಲೇ ಅಂದರಲ್ಲ, ಹಾಗಾದರೆ ಆಮೇಲೆ, ನಾನೂ ಕೂತೆ, ಬಾಕು ಇಟ್ಟೆ, ಕೈ ಬಿಟ್ಟೆ, ಅದರ ಪಕ್ಕದಲ್ಲಿ ಅವರ ಅಂಗೈ, ಎತ್ತಿಕೊಳ್ಳುವ ಅವಸರವೇ ಇಲ್ಲದೆ, ಕೆಂಪಗೆ, ಅಂಗೈ