ಎರಡನೆಯ ತಡ

"‘ಲೆಟ್ ಅಸ್ ಮೂವ್ ಆನ್’ ಅಂದ್ಮ್ಯಾಲೆ ಉಸಿರು ತಗೋಬಾರ್ದು ನೀವು. ಸೀದಾ ಮುಂದಿನ ಮಾತಿಗೆ ಹೋಗಬೇಕು," ಎಂದರು ಡಾಕ್ಟರ್ ಅರುಣಕುಮಾರ್. "ನಿಂತ್ರಿ ಅಂದ್ರ ಯಾರಾದ್ರೂ ಏನಾದ್ರೂ ಕೇಳ್ತಾರ."

ಗುರುಬಸಮ್ಮ ತಲೆಯಾಡಿಸಿದಳು. ಕೊಟ್ಟೂರಿನ ಕಲ್ಯಾಣ ಮಂಟಪದ ಅಡುಗೆಮನೆಯ ಮಗ್ಗುಲಲ್ಲಿ ನಿಂತು ಬೆಳಗಿನಿಂದ ಅವೇ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಗುಡ್ ಮಾರ್ನಿಂಗ್ ರೆಸ್ಪೆಕ್ಟೆಡ್ ಮೆಂಬರ್ಸ್. ಐ ವುಡ್ ಲೈಕ್ ಟು ಬಿಗಿನ್ ವಿತ್. ಆಸ್ ಯು ಕ್ಯಾನ್ ಸೀ. ಡಾಕ್ಟರು ಅವನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟು, ಒಂದೊಂದರ ಅರ್ಥ ಬಿಡಿಸಿ, ಎಲ್ಲಿ ದನಿ ಇಳಿಸಬೇಕು ಎಂಬುದನ್ನೂ ಹೇಳಿಕೊಟ್ಟಿದ್ದರು. ಒಂದು ವಿಷಯ ಬಿಟ್ಟು ಇನ್ನೊಂದಕ್ಕೆ ಹೋಗಬೇಕಾದರೆ ಯಾವ ಮಾತು, ವೇಳೆ ಸಾಲದೆ ಹೋದರೆ ಯಾವ ಮಾತು, ಕೊನೆಗೆ ಕೈಮುಗಿಯುವಾಗ ಯಾವ ಮಾತು ಎಂಬುದೆಲ್ಲ ಆಕೆಗೆ ಈಗ ಬರುತ್ತಿತ್ತು.

ಬಾಣಂತಿಯರ ಸಾವಿನ ಬಗ್ಗೆ ವಿಚಾರಿಸಲು ದೆಹಲಿಯಿಂದ ತಂಡ ಬಂದಿತ್ತು. ಹಳ್ಳಿಯ ಸಿಸ್ಟರುಗಳೇ ಇಂಗ್ಲಿಷಿನಲ್ಲಿ ಹೇಳಿದರೆ ಚೆಂದ ಎಂದು ಮೇಲಿನವರ ಅಪ್ಪಣೆಯಾಗಿತ್ತು. ಗುರುಬಸಮ್ಮನ ಪಾಲಿಗೆ ಬಂದದ್ದು ಮೆಹರೀನಳ ಸಾವು. ಇಂಥ ಸಾವಿಗೆ ಮೂರು ತಡಗಳು ಕಾರಣ ಎಂಬುದು ಇಲಾಖೆಯ ಲೆಕ್ಕ. ಮೊದಲನೆಯದು ಮನೆಯವರದು, ಎರಡನೆಯದು ಗಾಡಿಯದು, ಮೂರನೆಯದು ಆಸ್ಪತ್ರೆಯದು. ಮೊದಲನೆಯದನ್ನೂ ಮೂರನೆಯದನ್ನೂ ವಿವರವಾಗಿ ಹೇಳಬೇಕು, ಎರಡನೆಯದನ್ನು ದಾಟಿಬಿಡಬೇಕು ಎಂದು ಡಾಕ್ಟರು ಹೇಳಿದ್ದರು.

೧೦೮ರ ಗಾಡಿ ಇನ್ನೂ ಬಂದಿರದ ಕಾಲ. ಅವತ್ತು ಸಂಜೆ ಮೆಹರೀನಳಿಗೆ ರಕ್ತ ನಿಲ್ಲದಿದ್ದಾಗ ಆರೋಗ್ಯ ಕೇಂದ್ರದ ಜೀಪು ಅಲ್ಲಿರಲಿಲ್ಲ. ದೊಡ್ಡ ಅಧಿಕಾರಿಯೊಬ್ಬರ ಮನೆಯವರನ್ನು ಹೊತ್ತು ಹರಪನಹಳ್ಳಿಗೆ ಮದುವೆಗೆ ಹೋಗಿತ್ತು. ಶೇಂಗಾ ಚೀಲ ಇಳಿಸಿ ಟೆಂಪೋ ಹೊರಡಿಸುವಷ್ಟರಲ್ಲಿ ಹುಡುಗಿಯ ಕೈಕಾಲು ತಣ್ಣಗಾಗಿದ್ದವು. ಮರುದಿನ ಮುಂಜಾನೆ ಜೀಪು ಬಂದಾಗ ಮುಂದೆ ಚೆಂಡುಹೂವಿನ ಮಾಲೆ ಇತ್ತು, ಸೀಟಿನಲ್ಲಿ ಅಕ್ಷತೆ ಬಿದ್ದಿತ್ತು. ಆದರೆ ಡ್ರೈವರ್ ಓಬಳೇಶ ಮನೆಯವರಿಗೆ, "ಗಾಡಿ ಕೆಟ್ಟು ನಿಂತಿತ್ರಿ" ಎಂದುಬಿಟ್ಟ. ಗುರುಬಸಮ್ಮ ಪಕ್ಕದಲ್ಲೇ ಇದ್ದಳು. ಬಾಯಿ ತೆರೆಯಲಿಲ್ಲ.

"ಜೀಪ್ ಕೊಡು ಅಂದೋರು ಮ್ಯಾಲಿನವ್ರು," ಎಂದು ಡಾಕ್ಟರು ಈಗ ದನಿ ತಗ್ಗಿಸಿದರು. "ನಾ ಅವಾಗಿನ್ನೂ ಹೊಸಬ. ನಿಮ್ದೂ ಗುತ್ತಿಗಿ ಕೆಲ್ಸ, ಮಾರ್ಚಿಗೆ ಮತ್ತ ಸಹಿ ಬೀಳಬೇಕು. ಹೆದರಿಸಾಕತ್ತಿಲ್ರಿ ನಾನು, ಇದ್ದದ್ದು ಹೇಳಾಕತ್ತೀನಿ."

ಅವರು ಹೆದರಿಸುತ್ತಿಲ್ಲ ಎಂಬುದು ಆಕೆಗೂ ಗೊತ್ತಿತ್ತು. ಅವರ ಅಂಗಿಯ ಬಗಲು ಬೆವರಿನಿಂದ ತೊಯ್ದಿತ್ತು.

ಮೈಕಿನ ಮುಂದೆ ನಿಂತಾಗ ಆಕೆಗೆ ಕಂಡದ್ದು ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕುಳಿತಿದ್ದ ಸೈದಾ ಬೀ, ಮೆಹರೀನಳ ತಾಯಿ. ತಂಡದವರು ಮನೆಯವರನ್ನೂ ಮಾತಾಡಿಸುತ್ತಾರೆಂದು ಗಂಡ ಹೆಂಡತಿ ಇಬ್ಬರನ್ನೂ ಕರೆಸಿದ್ದರು. ಆಮೇಲೆ ವೇಳೆಯಿಲ್ಲವೆಂದು ಅದನ್ನು ಕೈಬಿಟ್ಟಿದ್ದರು. ಹಾಗಂತ ಅವರಿಗೆ ಯಾರೂ ಹೇಳಿರಲಿಲ್ಲ.

ಇಂಗ್ಲಿಷಿನ ನಡುವೆ ಮಗಳ ಹೆಸರು ಕೇಳಿಬಂದಾಗಲೆಲ್ಲ ಸೈದಾ ಬೀ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಮೊದಲನೆಯ ತಡ ಮುಗಿಯಿತು. ಮನೆಯವರು ನೋವನ್ನು ಬೇಗ ಗುರುತಿಸಲಿಲ್ಲ ಎಂದು ಹೇಳಿದ್ದಾಯಿತು. ಗೋಡೆಯ ಮೇಲಿನ ಪರದೆಯಲ್ಲಿ ಎರಡನೆಯ ಸಾಲು ಬಂತು. "ಡ್ಯೂ ಟು ಲ್ಯಾಕ್ ಆಫ್ ಟೈಮ್, ಲೆಟ್ ಅಸ್ ಮೂವ್ ಆನ್ ಟು ದ ಥರ್ಡ್ ಪಾಯಿಂಟ್," ಎಂದಳು ಗುರುಬಸಮ್ಮ. ನಾಲಿಗೆ ಎಲ್ಲೂ ತೊಡರಲಿಲ್ಲ. ಅಷ್ಟು ಸಲೀಸಾಗಿ ಬಂದದ್ದಕ್ಕೇ ಆಕೆಗೆ ಭಯವಾಯಿತು.

ಚಪ್ಪಾಳೆ ಬಿತ್ತು. ತಂಡದ ಮುಖ್ಯಸ್ಥೆ, ನರೆಗೂದಲಿನ ಹೆಂಗಸು, "ವೆರಿ ಕ್ಲಿಯರ್" ಎಂದರು. ಊಟಕ್ಕೆ ಏಳುವಾಗ ಪಕ್ಕದ ಊರಿನ ಸಿಸ್ಟರ್ ನಾಗಕ್ಕ ಆಕೆಯ ತೋಳು ತಿವಿದಳು. "ಏನ್ಲೇ, ಲಂಡನ್ನಾಗ ಹುಟ್ಟಿದಾಕಿ ಹಂಗ ಮಾತಾಡಿದೆಲ್ಲ! ನಾಳಿಂದ ನಮ್ಮನ್ನ ಗುರ್ತು ಹಿಡೀತಿಯೋ ಇಲ್ಲೋ?"

ಗುರುಬಸಮ್ಮ ನಗಲು ನೋಡಿದಳು. ಆಗದೆ ಕೈತೊಳೆಯುವ ನಲ್ಲಿಗಳ ಕಡೆ ಹೋದಳು. ಸೈದಾ ಬೀ ಹಿಂದೆಯೇ ಬಂದರು.

"ಸಿಸ್ಟರಮ್ಮ, ಮೆಹರೀನಳ ಹೆಸರು ಭಾಳ ಸಲ ತಗೊಂಡ್ರಿ. ಅಷ್ಟ್ ದೊಡ್ಡೋರೆಲ್ಲ ಕುಂತು ಕೇಳಿದ್ರು. ಜೀವಕ್ಕ ತಂಪಾತು," ಎಂದರು. ಆಮೇಲೆ ಅತ್ತಿತ್ತ ನೋಡಿ, "ಜೀಪಿಂದೂ ಹೇಳಿದ್ರೇನ್ರಿ? ನಮ್ಮವ್ರ ಹೆಸರು ಹೇಳಿಲ್ಲಲ್ಲ?"

"ಅವ್ರ ಹೆಸರು ಯಾಕ ಹೇಳ್ಲಿ?"

"ಅದ್ರ ಗೇರ್ ಬಾಕ್ಸ್ ಬಿಚ್ಚಿ ಕೂಡ್ಸಿದ್ದು ಅವ್ರೇ ಅಲ್ರಿ, ಅದೇ ವಾರದಾಗ. ತನ್ನ ಕೆಲ್ಸದಾಗ ಎಲ್ಲೋ ತಪ್ಪಾತು, ಗಾಡಿ ಕೆಡ್ತು, ಮಗಳು ಹೋದ್ಲು ಅಂತಾರ. ಅವತ್ತಿನಿಂದ ಪಾನಾ, ಸ್ಪ್ಯಾನರ್ ಏನೂ ಮುಟ್ಟಿಲ್ಲ. ಮಗ ತೌಸೀಫ್ ಒಬ್ನೇ ಗ್ಯಾರೇಜ್ ನಡಸ್ತಾನ. ಈಗ್ಲೂ ಗೇಟಿನಾಗೇ ಕುಂತಾರ ನೋಡ್ರಿ. ಡಾಕ್ಟ್ರಿಗೆ ಹೆಂಗ್ ಮುಖ ತೋರಿಸ್ಲಿ ಅಂತ ಒಳಗ ಬರವಲ್ರು."

ನಲ್ಲಿ ಸುರಿಯುತ್ತಲೇ ಇತ್ತು. ಗುರುಬಸಮ್ಮ ಅದನ್ನು ನಿಲ್ಲಿಸಿದಳು.

"ಜೀಪ್ ಕೆಟ್ಟಿರ್ಲಿಲ್ಲ ಸೈದಾ ಬೀ. ಹರಪನಹಳ್ಳಿಗೆ ಮದುವಿಗೆ ಹೋಗಿತ್ತು."

ಸೈದಾ ಬೀ ಅಳಲಿಲ್ಲ. ಗೋಡೆಗೆ ಕೈ ಕೊಟ್ಟು ನಿಂತರು. ಒಳಗೆ ಬಡಿಸುವವರ ಗದ್ದಲ ಕೇಳುತ್ತಿತ್ತು. "ನಾ ಹೇಳಿದ್ರ ಅವ್ರು ನಂಬಂಗಿಲ್ರಿ," ಎಂದರು. "ಸಮಾಧಾನಕ್ಕ ಹೇಳ್ತಾಳ ಅಂತಾರ. ನೀವು ಹೇಳಿದ್ರೂ ಅಷ್ಟ. ಡಾಕ್ಟ್ರ ಎದುರಿಗೆ ಹೇಳಿದ್ರ ನಂಬ್ತಾರ."

ಗುರುಬಸಮ್ಮನಿಗೆ ಅತ್ತೆಯ ಔಷಧಿ, ಮಕ್ಕಳ ಶಾಲೆ, ಮಾರ್ಚ್ ತಿಂಗಳು ಎಲ್ಲ ಒಮ್ಮೆಲೇ ನೆನಪಾದವು. ನೆನಪಾದ ಮೇಲೂ ಕಾಲು ಗೇಟಿನ ಕಡೆ ನಡೆಯಿತು. ಗೋಡೆಯ ನೆರಳಿನಲ್ಲಿ, ನಿಂತ ಗಾಡಿಗಳಿಗೆ ಬೆನ್ನು ಮಾಡಿ ಕುಳಿತಿದ್ದ ಸೈದಾ ಬೀಯ ಗಂಡ ಜಮಾಲ್ ಸಾಬರ ಮುಂದೆ ನಿಂತು, "ಸಾಬ್ರ, ಒಂದೀಟು ಒಳಗ ಬರ್ರಿ," ಎಂದಳು. ಅವರು ಬೈಸಿಕೊಳ್ಳಲು ಹೊರಟವರಂತೆ ಎದ್ದು ಬಂದರು.

ಊಟದ ಹಾಲಿನಲ್ಲಿ ಡಾಕ್ಟರು ತಾವೇ ನಿಂತು ದೆಹಲಿಯವರ ಎಲೆಗಳಿಗೆ ಹುಗ್ಗಿಯ ಮೇಲೆ ತುಪ್ಪ ಹಾಕುತ್ತಿದ್ದರು. ಗುರುಬಸಮ್ಮ ಸಾಲುಗಳ ನಡುವೆ ನಿಂತಳು. "ಐ ವುಡ್ ಲೈಕ್ ಟು" ಎಂಬಷ್ಟು ತಾನಾಗಿಯೇ ಬಾಯಿಗೆ ಬಂತು. ಮುಂದಿನದಕ್ಕೆ ಆಕೆ ಕಲಿತ ಮಾತೊಂದೂ ಇರಲಿಲ್ಲ.

"ಮೆಹರೀನ ಸತ್ತ ದಿನ ಜೀಪ್ ಕೆಟ್ಟಿರ್ಲಿಲ್ರಿ," ಎಂದಳು.

"ಗುರುಬಸಮ್ಮ, ಊಟ ಆಗ್ಲಿ. ಆಮ್ಯಾಲೆ ಮಾತಾಡೋಣು," ಎಂದರು ಡಾಕ್ಟರು, ಬೇಡಿಕೊಳ್ಳುವ ದನಿಯಲ್ಲಿ.

ಆಕೆ ನಿಲ್ಲಿಸಲಿಲ್ಲ. ಹೂವಿನ ಮಾಲೆ, ಅಕ್ಷತೆ, ಓಬಳೇಶನ ಮಾತು, ತಾನು ಸುಮ್ಮನಿದ್ದದ್ದು, ಎಲ್ಲವನ್ನೂ ಹೇಳಿದಳು. ಬೆಂಗಳೂರಿನಿಂದ ಜೊತೆಗೆ ಬಂದಿದ್ದ ಹುಡುಗಿ ಮುಖ್ಯಸ್ಥೆಯ ಕಿವಿಯಲ್ಲಿ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದಳು. ಮುಖ್ಯಸ್ಥೆ ಎಲೆಯಿಂದ ಕೈ ತೆಗೆದರು.

ಜಮಾಲ್ ಸಾಬರು ಗುರುಬಸಮ್ಮನನ್ನೂ ನೋಡಲಿಲ್ಲ, ದೆಹಲಿಯವರನ್ನೂ ನೋಡಲಿಲ್ಲ. ಡಾಕ್ಟರ ಕಡೆ ತಿರುಗಿದರು.

"ಹರಪನಹಳ್ಳಿ ತನಕ ಹೋಗಿತ್ತೇನ್ರಿ ಸಾರ್?"

ಡಾಕ್ಟರು ತುಪ್ಪದ ಪಾತ್ರೆಯನ್ನು ಮೇಜಿನ ಮೇಲಿಟ್ಟರು. "ಹೋಗಿತ್ತು ಸಾಬ್ರ."

"ನಡಕ ಎಲ್ಲೂ ನಿಲ್ಲಲಿಲ್ಲ?"

"ಇಲ್ಲ."

"ಗೇರ್ ಬೀಳ್ತಿದ್ವಾ?"

"ಎಲ್ಲಾ ಸರಿ ಇದ್ವು ಸಾಬ್ರ," ಎಂದರು ಡಾಕ್ಟರು.

ಜಮಾಲ್ ಸಾಬರು ನಿಧಾನಕ್ಕೆ ತಲೆಯಾಡಿಸಿದರು. ತಿರುಗಿ ಬಾಗಿಲ ಕಡೆ ನಡೆದರು. ಮಧ್ಯಾಹ್ನದ ಬಿಸಿಲಿಗೆ ಅಂಗಳದ ಕಲ್ಲುಗಳು ಕಾದಿದ್ದವು. ಅವರು ಬರಿಗಾಲಿನಲ್ಲೇ ಅವುಗಳ ಮೇಲೆ ಇಳಿದು ಹೋದರು. ಸೈದಾ ಬೀ ಹೊಸ್ತಿಲಲ್ಲಿ ಬಗ್ಗಿ ಗಂಡನ ಚಪ್ಪಲಿಗಳನ್ನು ಎತ್ತಿಕೊಂಡು, ಕರೆಯದೆ, ಅವಸರ ಮಾಡದೆ, ಹಿಂದೆ ಹಿಂದೆ ನಡೆದರು.