ಗುಂಡಿಗೆ ಇಳಿದವರ ಕೀಲಿ

ಜೇವರ್ಗಿಯಲ್ಲಿ ವಿಜಾಪುರ ರಸ್ತೆಗೆ ಹೊಂದಿಕೊಂಡು ಸಾಹುಕಾರ ದೌಲತರಾಯರ ದಾಲ್‌ಮಿಲ್ಲು ಇತ್ತು. ನಾನು ಅಲ್ಲಿ ಗುಮಾಸ್ತನಾಗಿದ್ದೆ. ಹದಿನಾಲ್ಕು ಹೆಣ್ಣಾಳು, ಆರು ಜನ ಹಮಾಲರು, ಯಂತ್ರ ನೋಡಿಕೊಳ್ಳಲು ಯಾಕೂಬಸಾಬ ಎಂಬ ಮಿಸ್ತ್ರಿ. ಆ ಹೆಣ್ಣಾಳುಗಳಲ್ಲಿ ಒಬ್ಬಳಾದ ಗುರುಬಾಯಿಯ ಕೈ ಹೋದದ್ದು ೧೯೮೪ರ ಫೆಬ್ರವರಿಯಲ್ಲಿ.

ತೊಗರಿಯನ್ನು ಮಾಳಿಗೆಗೆ ಒಯ್ಯಲು ತಗಡಿನ ಡಬ್ಬಿಗಳನ್ನು ಕಟ್ಟಿದ, ಯಂತ್ರದಿಂದ ಸುತ್ತುವ ಉದ್ದನೆಯ ಬೆಲ್ಟಿನ ಪಟ್ಟಾ ಇತ್ತು. ಅದರ ಬುಡ ಆಳೆತ್ತರದ ಗುಂಡಿಯಲ್ಲಿತ್ತು. ಕಾಳು ಕಟ್ಟಿಕೊಂಡರೆ ಯಾರಾದರೂ ಕೆಳಗಿಳಿದು ಕೈಯಿಂದ ಬಿಡಿಸಬೇಕು. ಆ ಮಧ್ಯಾಹ್ನ ಕರೆಂಟು ಹೋಗಿ ಮಿಲ್ಲು ನಿಂತಿತ್ತು. ಇದೇ ಸಮಯವೆಂದು ಗುರುಬಾಯಿ ಇಳಿದಳು. ಯಾರಿಗೂ ಹೇಳಲಿಲ್ಲ, ಹೇಳುವ ರೂಢಿಯೇ ಇರಲಿಲ್ಲ. ಕರೆಂಟು ಬಂತು. ಯಾಕೂಬಸಾಬ ಸ್ವಿಚ್ಚು ಎತ್ತಿದ. ಅವಳ ಬಲಗೈಯ ಮೂರು ಬೆರಳು ಹೋದವು.

ಅವನೇ ಅವಳನ್ನು ಎತ್ತಿಕೊಂಡು ಜೀಪಿನಲ್ಲಿ ಗುಲ್ಬರ್ಗಾಕ್ಕೆ ಒಯ್ದ. ಮೂರು ದಿನ ಮಿಲ್ಲಿನ ಕಡೆ ಸುಳಿಯಲಿಲ್ಲ. ನಾಲ್ಕನೆಯ ದಿನ ಬಂದು ಬೇರಿಂಗುಗಳಿಗೆ ಗ್ರೀಸು ಹಚ್ಚಿದ, ಬೋಲ್ಟು ಬಿಗಿದ. ಸ್ವಿಚ್ಚು ಮಾತ್ರ ಮುಟ್ಟಲಿಲ್ಲ. ಅದನ್ನು ನಾನು ಎತ್ತತೊಡಗಿದೆ.

ಏಪ್ರಿಲ್‌ನಲ್ಲಿ ಕಾರ್ಖಾನೆ ಇನ್ಸ್‌ಪೆಕ್ಟರರ ಕಾಗದ ಬಂತು. ಆಳುಗಳಿಗೆ ಪೆಟ್ಟಾಗದಂತೆ ಏನು ಏರ್ಪಾಡು ಮಾಡುತ್ತೀರಿ ಎಂಬುದನ್ನು ಬರೆದಿಡಬೇಕು, ಜೂನ್‌ನಲ್ಲಿ ನೋಡಲು ಬರುತ್ತೇವೆ ಎಂದಿತ್ತು.

"ಶಾಂತಲಿಂಗಪ್ಪ, ಏನಾರ ಛಲೋದು ಬರದು ಇಡ್ರಿ," ಎಂದು ಸಾಹುಕಾರರು ಕಾಗದವನ್ನು ನನ್ನ ಕಡೆ ಸರಿಸಿದರು.

ಸೊಲ್ಲಾಪುರದ ಗೆಳೆಯನಿಂದ ನೂಲಿನ ಗಿರಣಿಯೊಂದರ ಕೈಪಿಡಿ ತರಿಸಿ ನಾಲ್ಕು ಪುಟ ಇಳಿಸಿದೆ. ತಲೆಗೆ ಗಟ್ಟಿ ಟೊಪ್ಪಿಗೆ, ಕಾಲಿಗೆ ಬೂಟು, ತಿಂಗಳಿಗೊಂದು ಸಭೆ. ನಮ್ಮ ಮಿಲ್ಲಿನಲ್ಲಿ ಬೂಟು ಇದ್ದದ್ದು ಸಾಹುಕಾರರ ಕಾಲಲ್ಲಿ ಮಾತ್ರ. ಅಕ್ಷರ ದುಂಡಗೆ ಬಂದಿದ್ದವು, ನನಗೆ ಸಮಾಧಾನವಾಗಿತ್ತು.

ಅದೇ ವಾರ ಗುರುಬಾಯಿ ಕೆಲಸಕ್ಕೆ ಮರಳಿದಳು. ಅಂಗಳ ಗುಡಿಸಲು ಹಚ್ಚಿದರು. ಯಾಕೂಬಸಾಬ ಅವಳು ಬಂದ ದಿಕ್ಕಿಗೆ ಬೆನ್ನು ಮಾಡುತ್ತಿದ್ದ. ಎರಡು ದಿನ ನೋಡಿ ಅವಳೇ ಅವನ ಮುಂದೆ ಹೋಗಿ ನಿಂತಳು.

"ಹಿಂಗ ಮಾರಿ ತಪ್ಪಿಸಿಕೊಂಡು ಎಷ್ಟ್ ದಿನ ತಿರಗಾಂವ, ಯಾಕೂಬಣ್ಣ?"

"ನಾ ಗುಂಡ್ಯಾಗ ನೋಡಬೇಕಿತ್ತು, ಅಕ್ಕ."

"ನೋಡಬೇಕಿತ್ತು. ನನಗ ಸಿಟ್ಟು ಇನ್ನೂ ಅದ, ಇಲ್ಲ ಅನ್ನಂಗಿಲ್ಲ. ಆದ್ರ ಈಗ ನನ್ನ ಬದ್ಲಿ ಗುಂಡ್ಯಾಗ ಸಾಬಮ್ಮ ಇಳ್ಯಾಕತ್ತಾಳ. ಅದಕ್ಕೇನ್ ಮಾಡ್ತಿ, ಅದು ಹೇಳು."

ಅವನು ಸೀದಾ ನನ್ನ ಹತ್ತಿರ ಬಂದು, ಬರೆದದ್ದನ್ನು ಓದಿ ಹೇಳಿರೆಂದ. ಊಟದ ಹೊತ್ತಿಗೆ ಎಲ್ಲರ ಮುಂದೆ ಓದಿದೆ. ಟೊಪ್ಪಿಗೆಯ ಮಾತು ಬಂದಾಗ ಗುರುಬಾಯಿ ತಡೆದಳು.

"ಟೊಪ್ಪಿಗಿ ತಲಿಗಲ್ರಿ? ನಂದು ಹೋಗಿದ್ದು ಕೈ."

ಯಾರೋ ನಕ್ಕರು. ನಾನು ಕಾಗದ ಮಡಚಿದೆ.

ಮರುದಿನದಿಂದ ಅವರಿಬ್ಬರೂ ಒಂದು ಕೆಲಸ ಹಿಡಿದರು. ಗುರುಬಾಯಿ ಸುಣ್ಣದ ಬೋಗುಣಿ ಹಿಡಿದು ಒಬ್ಬೊಬ್ಬ ಹೆಂಗಸನ್ನೂ ಮಿಲ್ಲೆಲ್ಲ ತಿರುಗಿಸಿದಳು. ಎಲ್ಲಿ ಪೆಟ್ಟಾಗಿದೆ, ಎಲ್ಲಿ ಸ್ವಲ್ಪದರಲ್ಲಿ ತಪ್ಪಿದೆ, ಎಲ್ಲಿ ಕೈ ಹಾಕಲು ಎದೆ ನಡುಗುತ್ತದೆ ಎಂದು ಕೇಳಿ ಅಲ್ಲೊಂದು ಬೊಟ್ಟು ಇಟ್ಟಳು. ಸುಲ್ತಾನಬಿ ಸೆರಗು ಸರಿಸಿ ನೆತ್ತಿಯ ಹಿಂದೆ ರೂಪಾಯಿಯಗಲ ಬೋಳಾದ ಜಾಗ ತೋರಿಸಿದಳು. ಜಡೆ ಪಟ್ಟಾಕ್ಕೆ ಸಿಕ್ಕು ಎರಡು ವರ್ಷವಾಗಿತ್ತಂತೆ. ಕೆಲಸ ಬಿಡಿಸಿಯಾರು ಎಂದು ಯಾರಿಗೂ ಹೇಳಿರಲಿಲ್ಲ. ನಾಲ್ಕೈದು ಬೊಟ್ಟು ಬೀಳಬಹುದೆಂದು ನಾನು ಎಣಿಸಿದ್ದೆ. ಇಪ್ಪತ್ತೆರಡು ಬಿದ್ದವು.

ಒಂದೊಂದು ಬೊಟ್ಟಿಗೂ ಯಾಕೂಬಸಾಬ ಉಪಾಯ ಹುಡುಕಿದ. ಪಟ್ಟಾಗಳಿಗೆ ತಂತಿಜಾಳಿಗೆಯ ಹೊದಿಕೆ ಮಾಡಿದ. ಮಿಲ್ಲು ಶುರುಮಾಡುವ ಮುಂಚೆ ಗಂಟೆಯಂತೆ ಹೊಡೆಯಲು ರೈಲುಕಂಬಿಯ ತುಂಡೊಂದನ್ನು ತೂಗುಹಾಕಿದ. ಸ್ವಿಚ್ಚಿನ ಹಿಡಿಕೆ ಕೆಳಗಿರುವಾಗ ಬೀಗ ಬೀಳುವಂತೆ ಎರಡು ಬಳೆ ಬೆಸೆದ. ಗುಂಡಿಗೆ ಇಳಿಯುವವರು ಬೀಗ ಹಾಕಿ ಕೀಲಿಯನ್ನು ತಮ್ಮ ಜೊತೆಗೇ ಒಯ್ಯಬೇಕು. ಮೇಲೆ ಬಂದು ಅವರೇ ತೆಗೆಯಬೇಕು. ಸಾಹುಕಾರರು ಬೇಡವೆನ್ನಲಿಲ್ಲ. ಬೀಗದ ಇನ್ನೊಂದು ಕೀಲಿಯನ್ನು ಮಾತ್ರ ನನ್ನ ಮೇಜಿನ ಖಾನೆಯಲ್ಲಿ ಇಡಿಸಿದರು.

ಮೇ ಕೊನೆಯ ವಾರ. ಬಿಸಿಲಿಗೆ ತಗಡಿನ ಮಾಡು ಕಾದು ಚಟಚಟ ಅನ್ನುತ್ತಿತ್ತು. ಮುಂಬೈಗೆ ಹೋಗುವ ಲಾರಿ ಅರ್ಧ ತುಂಬಿ ನಿಂತಿತ್ತು. ಹೆಂಗಸರು ಊಟ ಮುಗಿಸಿ ಒಬ್ಬೊಬ್ಬರೇ ಮನೆಯಿಂದ ಬರತೊಡಗಿದ್ದರು. ಸ್ವಿಚ್ಚಿಗೆ ಬೀಗ ಇತ್ತು, ಕೀಲಿ ಯಾರ ಬಳಿಯಿದೆಯೋ ಯಾರಿಗೂ ತಿಳಿಯದು. ಹೊಸದಾಗಿ ಬಂದ ರೂಢಿ. ಯಾರೋ ಮರೆತು ಮನೆಗೆ ಒಯ್ದಿರಬೇಕು ಅಂದುಕೊಂಡೆವು. ಲಾರಿಯ ಡ್ರೈವರ್ ಹಾರ್ನ್ ಹೊಡೆದ.

"ಶಾಂತಲಿಂಗಪ್ಪ, ನಿಮ್ಮ ಕಡಿ ಇದ್ದ ಕೀಲಿ ತರ್ರಿ," ಎಂದರು ಸಾಹುಕಾರರು.

ಕೀಲಿ ತಂದೆ. ಗುರುಬಾಯಿ ಸ್ವಿಚ್ಚಿಗೆ ಅಡ್ಡ ನಿಂತಿದ್ದಳು.

"ಆ ಕೀಲಿ ಎಲ್ಲದ ಅಂತ ಗೊತ್ತಾಗೋ ತನಕ ತಗೀಬ್ಯಾಡ್ರಿ, ಸಾವ್ಕಾರ್ರ."

"ನಿನ್ನ ಅಂಗಳ ಗುಡಸಾಕ ಇಟ್ಟೇನಿ, ಮಿಲ್ಲು ನಡಸಾಕಲ್ಲ. ಸರಿ ಆ ಕಡಿ."

ಯಾಕೂಬಸಾಬ ಗುಂಡಿಯ ಬಾಯಿಗೆ ಬಗ್ಗಿ ಎರಡು ಸಲ ಕೂಗಿದ. ಕತ್ತಲಲ್ಲಿ ಏನೂ ಕಾಣಲಿಲ್ಲ, ಉತ್ತರವೂ ಬರಲಿಲ್ಲ.

"ಕೇಳಿದ್ಯಿಲ್ಲೊ? ಯಾರೂ ಇಲ್ಲ," ಎಂದರು ಸಾಹುಕಾರರು. ನನ್ನ ಕಡೆ ನೋಡಿದರು. ನಾನು ಗುರುಬಾಯಿಯ ಪಕ್ಕದಿಂದ ಕೈ ಚಾಚಿ ಕೀಲಿಯನ್ನು ಬೀಗಕ್ಕೆ ಹಾಕಿದೆ. ಅವಳು ಎರಡೇ ಬೆರಳು ಉಳಿದ ಕೈಯಿಂದ ನನ್ನ ಮಣಿಕಟ್ಟನ್ನು ಒತ್ತಿ ಹಿಡಿದಳು. ಅಷ್ಟರಲ್ಲಿ ಯಾಕೂಬಸಾಬ ಗುಂಡಿಗೆ ಇಳಿದಿದ್ದ.

"ಯಾ ಅಲ್ಲಾ! ಸಾಬಮ್ಮ ಇಲ್ಲೇ ಅದಾಳ. ಹಗ್ಗ ಕೊಡ್ರಿ!"

ಧೂಳಿಗೂ ಸೆಕೆಗೂ ಅವಳು ಡಬ್ಬಿಗಳ ಮೇಲೆಯೇ ತಲೆಯಿಟ್ಟು ಎಚ್ಚರ ತಪ್ಪಿ ಕೂತಿದ್ದಳು. ಮೇಲೆತ್ತಿ ಮುಖಕ್ಕೆ ನೀರು ಹಾಕಿದರು. ಕಣ್ಣು ತೆರೆದವಳು ಮೊದಲು ಸೆರಗಿನ ಗಂಟು ಮುಟ್ಟಿ ನೋಡಿಕೊಂಡಳು. ಕೀಲಿ ಅದರಲ್ಲಿತ್ತು.

ಸಾಹುಕಾರರು ಚೀಲದ ಮೇಲೆ ಕುಳಿತುಬಿಟ್ಟರು. ಅಲ್ಲಿಂದಲೇ, ಖಾನೆಯ ಕೀಲಿಯನ್ನು ಜಜ್ಜಿ ಹಾಕು ಎಂದು ಯಾಕೂಬಸಾಬನಿಗೆ ಹೇಳಿದರು. ಅದನ್ನು ಬೀಗದಿಂದ ಕಳಚಿ ಅವನ ಕೈಗೆ ಕೊಟ್ಟೆ. ಅವನು ಅಲ್ಲೇ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಜಜ್ಜಿದ. ಒಬ್ಬರು ಇಳಿದರೆ ಇನ್ನೊಬ್ಬರು ಗುಂಡಿಯ ಬಾಯಲ್ಲಿ ನಿಂತೇ ಇರಬೇಕು ಎಂಬ ನಿಯಮ ಅಂದೇ ಸಂಜೆ ಆಯಿತು.

ಜೂನ್‌ನಲ್ಲಿ ಇನ್ಸ್‌ಪೆಕ್ಟರರು ಬಂದರು. ನನ್ನ ನಾಲ್ಕು ಪುಟ ಓದಿ, "ಟೊಪ್ಪಿಗೆಗಳು ಎಲ್ಲಿವೆ?" ಎಂದು ಕೇಳಿದರು.

"ಇಲ್ರಿ. ಅದು ಬರೀ ಬರದದ್ದು," ಎಂದೆ. "ಮಾಡಿದ್ದು ಬ್ಯಾರೆ ಅದ. ಇವರು ತೋರಸ್ತಾರ."

ಗುರುಬಾಯಿ ಮುಂದೆ, ಯಾಕೂಬಸಾಬ ಹಿಂದೆ, ಒಂದು ತಾಸು ಮಿಲ್ಲು ತಿರುಗಿಸಿದರು. ಅವರು ಹೇಳಿದ ಹಾಗೆಯೇ ಹನ್ನೆರಡು ನಿಯಮ ಬರೆಯಿರಿ ಎಂದು ಇನ್ಸ್‌ಪೆಕ್ಟರರು ನನ್ನನ್ನು ಕೂರಿಸಿದರು. ಹೊಸ ಹೆಂಗಸರಿಗೆ ಕೆಲಸ ಕಲಿಸುವ ಜವಾಬ್ದಾರಿ ಗುರುಬಾಯಿಗೆ ಬಂತು. ಕಸಬರಿಗೆ ಬೇರೆಯವರ ಕೈಗೆ ಹೋಯಿತು.

ಮುಂದೆ ಆರು ವರ್ಷ ನಾನು ಅಲ್ಲಿದ್ದೆ. ಯಾರ ಕೈಕಾಲೂ ಹೋಗಲಿಲ್ಲ. ಪೆಟ್ಟೇ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ವರ್ಷದ ದೀಪಾವಳಿಯ ಹೊತ್ತಿಗೇ ಒಟ್ಟಿದ ಚೀಲಗಳು ಕುಸಿದು ಹಮಾಲ ಪೀರಸಾಬನ ಕಾಲಿನ ಹೆಬ್ಬೆರಳು ಜಜ್ಜಿತು. ಸುಣ್ಣದ ಬೊಟ್ಟು ಇಡುವಾಗ ಹಮಾಲರನ್ನು ನಾವು ಯಾರೂ ಕೇಳಿರಲಿಲ್ಲ. ಅವನು ಕಾಲಿಗೆ ಪಟ್ಟಿ ಕಟ್ಟಿಕೊಂಡೇ ಆಫೀಸಿಗೆ ಬಂದು ನನ್ನೆದುರು ಕುಳಿತ.

"ಬರ್ಕೋರಿ, ಮುನೀಮರ," ಎಂದ. "ಎಂಟು ಚೀಲಕ್ಕಿಂತ ಮ್ಯಾಲ ಒಟ್ಟಂಗಿಲ್ಲ."

ಬರೆದುಕೊಂಡೆ.